ಸರೀರಿ, ನಾ ನೋಡ್ತೀನಿ

ಕಲಬುರಗಿಯಲ್ಲಿ ಕಾರು ಕೈಕೊಟ್ಟರೆ ಮೆಕ್ಯಾನಿಕ್ ಬರಲು ಫೋನ್ ಮಾಡಬೇಕು, ಇನ್ನೊಮ್ಮೆ ಮಾಡಬೇಕು, "ಹೊಂಟೇನ್ರಿ, ಬಂದೇ ಬಿಟ್ಟೆ" ಅನ್ನುವುದನ್ನು ನಂಬಬೇಕು. ಕಾಕಾ ಬರಲು ಏನೂ ಮಾಡಬೇಕಿಲ್ಲ. ಬಾಗಿಲು ತೆರೆದಿಟ್ಟು ಒಮ್ಮೆ ಬೆವರು ಒರೆಸಿಕೊಂಡರೆ ಸಾಕು. ಜಗತ್ ಸರ್ಕಲ್ ಇರಲಿ, ಸೂಪರ್ ಮಾರ್ಕೆಟ್ ಇರಲಿ, ಅಪ್ಪನ ಕೆರೆ ದಂಡೆ ಇರಲಿ, ಎಲ್ಲಿಂದಲೋ ಪ್ರತ್ಯಕ್ಷರಾಗಿ ನಿಮ್ಮ ಭುಜವನ್ನು ಮೆತ್ತಗೆ ಬದಿಗೊತ್ತಿ, "ಸರೀರಿ, ನಾ ನೋಡ್ತೀನಿ" ಅನ್ನುತ್ತಾರೆ.

ಅರ್ಧ ತೋಳಿನ ಬಿಳಿ ಅಂಗಿ, ಕಿಸೆಯಲ್ಲಿ ಪೆನ್ನು, ಕನ್ನಡಕದ ಡಬ್ಬಿ, ಹೆಗಲ ಮೇಲೆ ಬಿಸಿಲಿಗೆಂದು ಒದ್ದೆ ಟವೆಲ್. ಯಾವುದೋ ಇಲಾಖೆಯಿಂದ ರಿಟೈರಾದವರು. ಯಾವ ಇಲಾಖೆ ಅನ್ನುವುದು ಕೆಟ್ಟಿರುವ ವಸ್ತುವಿನ ಮೇಲೆ ಹೋಗುತ್ತದೆ. ಬೋರ್‌ವೆಲ್ ಕೆಟ್ಟರೆ ನೀರಾವರಿಯವರು, ಕಾರು ಕೆಟ್ಟರೆ ಸಾಹೇಬರ ಜೀಪಿನಲ್ಲೇ ಸರ್ವೀಸ್ ಮುಗಿಸಿದವರು. ಸ್ವಂತಕ್ಕಿರುವುದು ಹಳೇ ಬಜಾಜ್ ಸ್ಕೂಟರ್, ಅದನ್ನು ಒಂದು ಪಕ್ಕಕ್ಕೆ ವಾಲಿಸಿ, ಮತ್ತೆ ನೆಟ್ಟಗೆ ಮಾಡಿಯೇ ಕಿಕ್ ಹೊಡೆಯಬೇಕು. ಅವರ ಯಂತ್ರಜ್ಞಾನವೆಲ್ಲ ಆ ವಾಲಿಸುವುದರಲ್ಲೇ ಹುಟ್ಟಿದ್ದು. ಕಾರನ್ನು ವಾಲಿಸಲು ಬರುವುದಿಲ್ಲವಲ್ಲ ಅನ್ನುವುದೊಂದೇ ಅವರ ಕೊರಗು.

ಕಾರಿನ ರೋಗಗಳಲ್ಲಿ ಕಾಕಾಗೆ ಅತಿ ಪ್ರಿಯವಾದದ್ದು ಚಾವಿ ತಿರುಗದಿರುವುದು. ಎಂಜಿನ್ ಕೆಟ್ಟರೆ ಬಾನೆಟ್ ಎತ್ತಬೇಕು, ಎತ್ತಿದ ಮೇಲೆ ಏನಾದರೂ ಹೆಸರು ಹೇಳಬೇಕು. ಚಾವಿಯದು ಹಾಗಲ್ಲ, ಯಾರು ಬೇಕಾದರೂ ಕೂತು ತಿರುವಿ ನೋಡಬಹುದು. ಆದರೆ ಕಾಕಾ ನೇರವಾಗಿ ಚಾವಿಗೆ ಕೈ ಹಚ್ಚುವುದಿಲ್ಲ. ಮೊದಲು ವಿಚಾರಣೆ.

"ಯಾ ಊರ್ರಿ ನಿಮ್ಮದು?"

"ಆಳಂದ ಕಡೆ ರೀ."

"ಆಳಂದದಾಗ ಎಲ್ಲಿ? ನಮ್ಮ ಬೀಗರು ಅಲ್ಲೇ ಅದಾರ."

ಬೀಗರ ವಂಶಾವಳಿ ಮುಗಿಯುವಷ್ಟರಲ್ಲಿ ಮೇ ತಿಂಗಳ ಬಿಸಿಲಿಗೆ ಸ್ಟೇರಿಂಗ್ ಮುಟ್ಟಲಾಗದಷ್ಟು ಕಾದಿರುತ್ತದೆ. ಆಮೇಲೆ ಮೊದಲ ತೀರ್ಪು: "ಬ್ಯಾಟರಿ ಹೋಗ್ಯಾದ." ಇದು ಕಾಕಾನ ಕಾಯಂ ತೀರ್ಪು. ನೇರವಾಗಿ ಹೇಳಬೇಕೆಂದರೆ, ಚಾವಿ ತೂರಿಸಿ ತಿರುವುವ ಮಾಮೂಲಿ ಕಾರಿನಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೂ ಚಾವಿ ತಿರುಗುತ್ತದೆ, ದೀಪ ಹತ್ತುವುದಿಲ್ಲ ಅಷ್ಟೆ. ತಿರುಗಿಯೂ ಎಂಜಿನ್ ಚಾಲೂ ಆಗದಿದ್ದರೆ ಬ್ಯಾಟರಿಯನ್ನೋ ಸ್ಟಾರ್ಟರನ್ನೋ ಚಾವಿಯೊಳಗಿನ ಚಿಪ್ಪನ್ನೋ ಅನುಮಾನಿಸಬೇಕು. ತಿರುಗುವುದೇ ಇಲ್ಲವೆಂದರೆ ಅದು ಬರೀ ಲೋಹದ ಜಗಳ. ಇದನ್ನು ಕಾಕಾಗೆ ಹೇಳಿ ನೋಡಿ. "ನೀವು ಸಾಲಿ ಕಲ್ತವ್ರು, ನಿಮಗೇನ್ ಗೊತ್ತದ" ಅನ್ನುತ್ತಾರೆ.

ಎರಡನೆಯ ಮದ್ದು ಎಣ್ಣೆ. ಎದುರಿನ ಮಿರ್ಚಿ ಬಂಡಿಯಿಂದ ಶೇಂಗಾ ಎಣ್ಣೆ ತರಿಸಿ ಇಗ್ನಿಷನ್ ತೂತಿಗೆ ಬಿಡಿಸಿದ ಕಾಕಾ ಒಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ತೂತಿನೊಳಗೆ ಹಿತ್ತಾಳೆಯ ಸಣ್ಣ ಸಣ್ಣ ಪಟ್ಟಿಗಳು ಸ್ಪ್ರಿಂಗಿನ ಮೇಲೆ ಕೂತಿರುತ್ತವೆ. ಚಾವಿಯ ಹಲ್ಲು ಅವನ್ನೆಲ್ಲ ಒಂದೇ ಮಟ್ಟಕ್ಕೆ ತಂದಾಗ ಮಾತ್ರ ತಿರುಗಲು ದಾರಿ. ನಮ್ಮ ಕಡೆಯ ಧೂಳಿಗೆ ಎಣ್ಣೆ ಸೇರಿದರೆ ಒಳಗೆ ಕೆಸರಾಗುತ್ತದೆ, ಪಟ್ಟಿಗಳು ಅಲ್ಲಲ್ಲೇ ಅಂಟಿ ಕೂರುತ್ತವೆ. ಅಲ್ಲಿಗೆ ಬೇಕಾದದ್ದು ಒಣ ಗ್ರಾಫೈಟ್ ಪುಡಿ, ಅಂದರೆ ಪೆನ್ಸಿಲ್ ಕಡ್ಡಿಯಲ್ಲಿರುವ ಅದೇ ಕರಿ ವಸ್ತು. ಮಿರ್ಚಿ ವಾಸನೆಯ ಆ ಕಾರು ಮಾತ್ರ ಟೋಯಿಂಗ್ ಗಾಡಿಯ ಹಿಂದೆ ಹೋಯಿತು.

ಕಾಕಾನ ನಿಜವಾದ ವೈಭವ ನೋಡಬೇಕಾದರೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಬೇಕು. ಈಗ ಅದು ತಾಲೂಕು ಕೇಂದ್ರ. ಜಿಐ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆ ಕಂಡರೆ ಬೀದರ್ ಕಡೆ ಹೊರಟ ಕಾರುಗಳು ತಾವಾಗಿ ಬದಿಗೆ ಸರಿಯುತ್ತವೆ. ಡಾಂಬರು ಬಿಟ್ಟು ಇಳಿಜಾರಿಗಿಳಿದ ಮುಂದಿನ ಗಾಲಿ ಕಲ್ಲಿಗೆ ಒತ್ತಿ ಸೊಟ್ಟಗೆ ನಿಲ್ಲುತ್ತದೆ. ಓಡಿಸುವ ಹುಡುಗ ಚಾವಿ ಕಿತ್ತು, ಸ್ಟೇರಿಂಗನ್ನೇ ಆಸರೆ ಮಾಡಿಕೊಂಡು ಇಳಿಯುತ್ತಾನೆ. ಒಳಗೆ 'ಕಟ್' ಅಂತ ಸದ್ದು. ಹಿಂದಿನ ಸೀಟಿನಲ್ಲಿ ಕಾಕಾ ಬಾಳೆಹಣ್ಣಿನ ಚೌಕಾಸಿಯಲ್ಲಿರುತ್ತಾರೆ, ಕೇಳಿಸುವುದಿಲ್ಲ.

ಹಣ್ಣು ಬಂತು, ಹುಡುಗ ಕೂತ, ಚಾವಿ ತಿರುಗವಲ್ದು.

"ಜೋರ್ ಹಚ್ಚೋ ತಮ್ಮಾ."

"ಮುರೀತದ ಮಾಮಾ."

"ಸರಿ, ನಾ ನೋಡ್ತೀನಿ."

ಕಾಕಾ ಟವೆಲಿನ ತುದಿಯಲ್ಲಿ ಚಾವಿ ಹಿಡಿದು ಹಲ್ಲು ಕಚ್ಚಿದರು. ಚಾವಿಯ ಕುತ್ತಿಗೆ ಒಂದು ಎಳೆ ಬಾಗಿತು. ಆಗ ಹಣ್ಣಿನ ಬುಟ್ಟಿಯ ಬಾಯಿ, ಗಿರಾಕಿಗೆ ಚಿಲ್ಲರೆ ಎಣಿಸುತ್ತಲೇ, "ಯಪ್ಪಾ, ಆ ಸ್ಟೇರಿಂಗ್ ಅತ್ತ ಇತ್ತ ಅಳ್ಳಾಡ್ಸಿ ಮೆಲ್ಲಕ ತಿರುವು. ದಿನಾ ಇದೇ ನೋಡ್ತೀನಿ ನಾ" ಅಂದಳು. ಹುಡುಗ ಎಡಗೈಯಲ್ಲಿ ಸ್ಟೇರಿಂಗನ್ನು ಸ್ವಲ್ಪ ಸಡಿಲ ಸಿಗುವ ಕಡೆಗೆ ಎಳೆದು ಹಿಡಿದ, ಬಲಗೈಯ ಎರಡು ಬೆರಳಲ್ಲಿ ಚಾವಿ ತಿರುವಿದ. ಗಾಡಿ ಚಾಲೂ.

ಕಾಕಾ ಸೀಟಿಗೆ ಒರಗುತ್ತ ಅಂದರು: "ಅದೇ ನಾ ಹೇಳ್ಲತ್ತಿದ್ದೆ."

ಆ ಬಾಯಿ ಹೇಳಿದ್ದರಲ್ಲಿ ಪವಾಡವೇನಿಲ್ಲ. ಚಾವಿ ತೆಗೆದ ಮೇಲೆ ಸ್ಟೇರಿಂಗ್ ಕೊಂಚ ತಿರುಗಿದರೆ ಒಂದು ಉಕ್ಕಿನ ಗೂಟ ಅದರ ದಂಡದ ಕಚ್ಚಿನೊಳಗೆ ಹೋಗಿ ಕೂರುತ್ತದೆ, ಕಳ್ಳ ತಂತಿ ಜೋಡಿಸಿ ಎಂಜಿನ್ ಎಬ್ಬಿಸಿದರೂ ಗಾಡಿ ಹೊರಳಿಸಲಾಗದಿರಲಿ ಎಂದು. ಗಾಲಿ ಸೊಟ್ಟಗೆ ನಿಂತಾಗ ಟೈರಿನ ಒತ್ತಡವೆಲ್ಲ ಆ ಗೂಟದ ಪಕ್ಕೆಗೆ ಬಿದ್ದು, ಅದು ಹಿಂದೆ ಸರಿಯದೆ ಚಾವಿಯನ್ನೂ ಕಟ್ಟಿಹಾಕುತ್ತದೆ. ಒತ್ತಡ ಇಳಿಸಿದರೆ ಮುಗಿಯಿತು. ಜೋರು ಮಾಡಿದರೆ ಅರ್ಧ ಚಾವಿ ಕೈಯಲ್ಲಿ, ಅರ್ಧ ತೂತಿನಲ್ಲಿ.

ಹಾಗೆಂದು ಕಾಕಾನನ್ನು ತೀರಾ ತೆಗೆದುಹಾಕುವಂತಿಲ್ಲ. "ಡುಪ್ಲಿಕೇಟಿಂದು ಡುಪ್ಲಿಕೇಟ್ ಮಾಡ್ಸಬ್ಯಾಡ್ರಿ" ಅನ್ನುವುದು ಅವರ ಮಾತುಗಳಲ್ಲಿ ಖರೇ ಇರುವ ಮಾತು. ಸವೆದ ಚಾವಿಯ ನಕಲು ಸವಕಳಿಯನ್ನೂ ನಕಲು ಮಾಡುತ್ತದೆ. ಚಾವಿಗೊಂಚಲು ಭಾರವಾಗಿದ್ದರೆ ಜೋತುಬಿದ್ದು ಬೀಗವನ್ನು ಸವೆಸುತ್ತದೆ ಅನ್ನುವುದೂ ಅವರಿಗೆ ಗೊತ್ತು. ಇದನ್ನು ಹೇಳುವಾಗ ಅವರ ಕೈಯಲ್ಲಿ ಅಲ್ಮಾರಿ, ಲಾಕರ್, ಹೊಲದ ಮೋಟರ್ ಖೋಲಿಯ ಚಾವಿಗಳ ಜೊತೆ ಶರಣಬಸವೇಶ್ವರರ ಬಿಲ್ಲೆಯೂ ಇರುವ ಗೊಂಚಲು ಝಣಝಣ ಅನ್ನುತ್ತಿರುತ್ತದೆ. ಇನ್ನೊಂದು ಗುಣ: ಗಾಡಿ ಹೊರಡುವ ತನಕ ಕದಲುವುದಿಲ್ಲ. ನೀರು ತರಿಸುತ್ತಾರೆ, ಚಹಾ ಹೇಳುತ್ತಾರೆ, ರೊಕ್ಕವನ್ನೂ ತಾವೇ ಕೊಡುತ್ತಾರೆ.

ಈಚೆಗೆ ಚಾವಿ ತೂರಿಸದ, ಬಟನ್ ಒತ್ತುವ ಕಾರುಗಳು ಬಂದು ಕಾಕಾನ ಕಸುಬಿಗೆ ಕುತ್ತು ಬಂದಿದೆ. 1949ರಲ್ಲಿ ಅಮೆರಿಕದ ಕ್ರೈಸ್ಲರ್ ಕಾರುಗಳಲ್ಲಿ ಚಾವಿ ತಿರುವಿಯೇ ಎಂಜಿನ್ ಎಬ್ಬಿಸುವ ಏರ್ಪಾಡು ಬರುವ ಮೊದಲು ಸ್ಟಾರ್ಟರಿಗೆ ಬೇರೆ ಬಟನ್ ಇರುತ್ತಿದ್ದದ್ದು ಸಾಮಾನ್ಯ. ಈಗ ಮತ್ತೆ ಬಟನ್. "ಹಳೇದೇ ತಿರುಗಿ ಬಂದಾದ" ಎಂದು ಕಾಕಾ ಸಮಾಧಾನಪಟ್ಟು, ರಿಮೋಟಿನ ಬಿಲ್ಲೆ ಬ್ಯಾಟರಿ ತೆಗೆದು ಅಂಗೈಯಲ್ಲಿ ತಿಕ್ಕಿ ಬಿಸಿ ಮಾಡತೊಡಗಿದ್ದಾರೆ. ಒಟ್ಟಿನಲ್ಲಿ ಅವರ "ಬ್ಯಾಟರಿ ಹೋಗ್ಯಾದ" ತೀರ್ಪು ಕೊನೆಗೂ ನಿಜವಾಗುವ ಕಾಲ ಬಂದಿದೆ.

ಅಲ್ಲಿಯ ತನಕ ಒಂದು ವಿನಂತಿ. ಗಾಡಿ ಕೊಂಡಾಗ ಕೊಟ್ಟಿದ್ದ ಎರಡನೆಯ ಚಾವಿ ಮನೆಯಲ್ಲಿ ಎಲ್ಲಿದೆ ಎಂದು ಇವತ್ತೇ ಹುಡುಕಿಡಿ. ಮೊದಲನೆಯದನ್ನು ಕಾಕಾ ಯಾವತ್ತು ಕೇಳುತ್ತಾರೋ ಹೇಳಲು ಬರುವುದಿಲ್ಲ.