ನೆರಳಿಗೆ ಎಷ್ಟು ರೇಟು?

(ಅಂಕೋಲೆ. ಹಳೇ ಬಡಾವಣೆಯ ಹೆಂಚಿನ ಮನೆ. ನಿವೃತ್ತ ಮಾಸ್ತರು, ಮನೆ ತೋರಿಸುವ ಏಜೆಂಟ.)

ಏಜೆಂಟ: ನೋಡಿ ಮಾಸ್ತರೇ, ಕಾರವಾರದ ಕಾಜುಬಾಗದಲ್ಲೂ ಇಂಥಾ ತಂಪು ಸಿಗೂದಿಲ್ಲ. ನೆರಳಿಗೇ ರೇಟು ಜಾಸ್ತಿ.

ಮಾಸ್ತರು: ಮರ ಯಾವುದು?

ಏಜೆಂಟ: ಕರಿ ಇಶಾಡು ಮಾವು! 2023ರಲ್ಲಿ ಜಿಐ ಟ್ಯಾಗು ಸಿಕ್ಕಿದ ಜಾತಿ.

ಮಾಸ್ತರು: ಬೊಡ್ಡೆಗೆ ಕೆಂಪು ಬಣ್ಣದ ನಂಬರು ಬರೆದದ್ದುಂಟಲ್ಲ, ಅದೇ ಟ್ಯಾಗಾ?

ಏಜೆಂಟ: ಅದು ಕಡಿಯೂದಕ್ಕೆ. ಮತ್ತೆ ಕಾರು ನಿಲ್ಲಿಸೂದೆಲ್ಲಿ?

ಮಾಸ್ತರು: ನೆರಳಲ್ಲಿ.

ಏಜೆಂಟ: ಛೆ, ಹಕ್ಕಿ ಹಿಕ್ಕೆ ಹಾಕ್ತದೆ! ಮನೆ ಕೆಡವಿ ನಾಲ್ಕು ಮಾಳಿಗೆ ಎಬ್ಬಿಸೂದು. ಹೆಸರೂ ಇಟ್ಟಾಯ್ತು, 'ಆಮ್ರವನ'.

ಮಾಸ್ತರು: ಮಾವು?

ಏಜೆಂಟ: ಗೇಟಿನ ಮೇಲೆ ಕೆತ್ತಿಸ್ತೇವೆ. ಹುಳ ಹತ್ತೂದಿಲ್ಲ.

ಮಾಸ್ತರು: ಇ-ಖಾತೆ ಆಗಿದೆಯಾ?

ಏಜೆಂಟ: ಮನೆಗೆ ಆಗಿದೆ. ಮರದ ಖಾತೆ ಸೋಮವಾರ ಕ್ಲೋಸು.

ಮಾಸ್ತರು: ಬಾವಿ?

ಏಜೆಂಟ: ಮುಚ್ಚಿ ಈಜುಕೊಳ. ನೀರು ಟ್ಯಾಂಕರಲ್ಲಿ ಬರ್ತದೆ.

ಮಾಸ್ತರು: ಹಿಂದಿನ ಗುಡ್ಡ ಅರ್ಧವೇ ಉಂಟಲ್ಲ ಮಾರಾಯ?

ಏಜೆಂಟ: ಅದೇ 'ಹಿಲ್ ವ್ಯೂ'. ಇನ್ನರ್ಧ ಅಡ್ಡ ಬರ್ತಿತ್ತು.

ಮಾಸ್ತರು: 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಾಟಿ ಗಂಗಾವಳಿ ಹೊಳೆಗೇ ಇಳೀತಲ್ಲ?

ಏಜೆಂಟ: ಅದಕ್ಕೇ ನಾವು ಮಳೆಗಾಲದಲ್ಲಿ ಸೈಟು ತೋರ್ಸೂದಿಲ್ಲ. ರೇಟು ಮಾತ್ರ ಇಳಿಯೂದಿಲ್ಲ ನೋಡಿ, ಅಲಗೇರಿಗೆ ವಿಮಾನ ನಿಲ್ದಾಣ ಬರ್ತದೆ.

ಮಾಸ್ತರು: ಅಲ್ಲಿ ತೋಟ, ಮನೆ ಬಿಟ್ಟುಕೊಡೋರು ಎಲ್ಲಿಗೆ ಹೋಗೂದು?

ಏಜೆಂಟ: ಅವ್ರಿಗೂ ಇದನ್ನೇ ತೋರ್ಸಿದೆ. ಪರಿಹಾರದ ದುಡ್ಡು ಗೇಟಿಗೂ ಸಾಲೂದಿಲ್ಲ ಅಂದ್ರು!