ಎಪ್ಪತ್ತೆರಡರಲ್ಲಿ ನೋಡಬೇಕಿತ್ತು

ಹಾಡುಗಳಿಂದಲೇ ಹೆಸರಾದ ಹಳೆಯ ನಾಟಕವೊಂದು ಮತ್ತೆ ರಂಗಕ್ಕೆ ಬರುವ ಸಂಜೆ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಇವರು ತಪ್ಪದೆ ಸಿಗುತ್ತಾರೆ. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆ ಚೀಲ, ಚೀಲದಲ್ಲಿ ಮಡಿಕೆ ಹರಿದ ಕರಪತ್ರಗಳು. ಟಿಕೆಟ್ ಕೊಳ್ಳುವಾಗಲೇ ತೀರ್ಪು ಬಂದಿರುತ್ತದೆ: "ಕೆಡಿಸಿರ್ತಾರೆ, ನೋಡ್ತಾ ಇರಿ."

ಇವರ ಶಕೆ ಶುರುವಾಗುವುದೇ 1972ರಿಂದ. ಆ ವರ್ಷ ಕಲಾಕ್ಷೇತ್ರದ ಹಿಂದಿನ ಬಯಲಿನಲ್ಲಿ ಬಿ.ವಿ. ಕಾರಂತರು ‘ಈಡಿಪಸ್’, ‘ಸಂಕ್ರಾಂತಿ’, ‘ಜೋಕುಮಾರಸ್ವಾಮಿ’ ಆಡಿಸಿದರು. ಆಗ ಕಾಲೇಜು ಹುಡುಗನಾಗಿದ್ದ ಇವರು ಮೂರನ್ನೂ ನೋಡಿದರು. ಅಂದಿನಿಂದ ಇಂದಿನವರೆಗೆ ನೋಡಿದ್ದೆಲ್ಲ ಅದಕ್ಕಿಂತ ಕಡಿಮೆ. "ಎಪ್ಪತ್ತೆರಡರಲ್ಲಿ ನೋಡಿದ್ರಾ?" ಎಂದು ಕೇಳಿದಾಗ ಪಕ್ಕದ ಕುರ್ಚಿಯವನು "ನಾನಿನ್ನೂ ಹುಟ್ಟಿರಲಿಲ್ಲ ಸಾರ್" ಎಂದರೆ, ಅದೂ ಒಂದು ಉಡಾಫೆಯೇ ಎಂಬಂತೆ ಕನ್ನಡಕದ ಮೇಲಿಂದ ನೋಡುತ್ತಾರೆ. ಆ ಪಕ್ಕದ ಕುರ್ಚಿಯವನು ಯಾರೆಂದು ಓದುಗರು ಊಹಿಸಿದರೆ ಲೇಖಕನ ಆಕ್ಷೇಪವಿಲ್ಲ.

ತಂಡವೊಂದು ‘ಸತ್ತವರ ನೆರಳು’ ಎತ್ತಿಕೊಂಡ ಸಂಜೆಯ ಪಾಡನ್ನಂತೂ ಹೇಳಲೇಬೇಕು. ಶ್ರೀರಂಗರು ಬರೆದದ್ದು ಮಠದೊಳಗಿನ ರಾಜಕಾರಣದ ಗದ್ಯನಾಟಕ. ಕಾರಂತರು ಅದರೊಳಕ್ಕೆ ಪುರಂದರದಾಸರ ಪದಗಳನ್ನು ತಂದು ಮೇಳದವರ ಬಾಯಿಗೆ ಹಾಕಿದರು. ಅಲ್ಲಿಂದಾಚೆಗೆ ಅದು ಹಾಡಿನ ನಾಟಕವೆಂದೇ ಜನರ ನೆನಪಿನಲ್ಲಿ ನಿಂತಿತು. ನಮ್ಮ ಮಹಾಶಯರು ಬಂದವರೇ ಮೊದಲು ನೋಡಿದ್ದು ವಾದ್ಯದವರ ಕಡೆಗೆ. "ಕೀಬೋರ್ಡು!" ಎಂದರು, ಊಟದೆಲೆಯಲ್ಲಿ ಜಿರಲೆ ಕಂಡವರಂತೆ. ದೀಪ ಆರಿತು. ಮೇಳ ಬಾಯಿ ತೆರೆಯುವ ಮುಂಚೆ ಇವರೇ ಸಣ್ಣಗೆ ಎತ್ತುಗಡೆ ಹಿಡಿದರು. ಕುರ್ಚಿಯ ಕೈಯ ಮೇಲೆ ಉಂಗುರದ ಬೆರಳಿನಿಂದ ತಾಳ ಬೇರೆ. ಪಕ್ಕದವನ ಮೊಣಕೈಯೂ ಅದೇ ಕೈಯ ಮೇಲಿದ್ದುದರಿಂದ ನಾಲ್ಕಕ್ಕೊಂದು ಪೆಟ್ಟು ಅವನಿಗೆ ಬಿತ್ತು. "ಶ್ರುತಿ ಇಳಿಸಿದಾರೆ... ಇಲ್ಲೊಂದು ನಿಲುಗಡೆ ಇತ್ತು, ನುಂಗಿಬಿಟ್ರು... ಈಗ ಸ್ವಾಮಿಗಳು ಎಡಗಡೆಯಿಂದ ಬರಬೇಕು." ಸ್ವಾಮಿಗಳು ಬಲಗಡೆಯಿಂದ ಬಂದರು. ಇವರ "ಅಯ್ಯೋ" ಮೂರು ಸಾಲಿಗೆ ಕೇಳಿಸಿತು. ಮುಂದಿನ ಸಾಲಿನ ಹೆಂಗಸೊಬ್ಬರು ತಿರುಗಿ "ಶ್..." ಎಂದದ್ದಕ್ಕೆ ಪಕ್ಕದವನ ಕಿವಿಯಲ್ಲಿ ಹೇಳಿದರು: "ನೋಡಿ, ಈಗಿನವರಿಗೆ ನಾಟಕ ನೋಡೋ ಶಿಸ್ತೇ ಇಲ್ಲ."

ಇವರನ್ನು ಮೆಚ್ಚಿಸಲು ತಂಡಗಳಿಗೆ ದಾರಿಯೇ ಇಲ್ಲ. ಹಾಡಿನ ಮಟ್ಟು ಬದಲಿಸಿದರೆ ಕೊಲೆ. ಇದ್ದಂತೆಯೇ ಹಾಡಿದರೆ, "ಜೆರಾಕ್ಸ್ ಕಣ್ರೀ, ಜೀವ ಎಲ್ಲಿದೆ?" ಆಡದೆ ಬಿಟ್ಟರೆ, ಕಾರಂತರನ್ನೇ ಮರೆತ ಕೃತಘ್ನರು. ‘ಮಲೆಗಳಲ್ಲಿ ಮದುಮಗಳು’ ಇರುಳಿಡೀ ನಡೆದಾಗ ಮಂಕಿಕ್ಯಾಪು, ಶಾಲು, ಫ್ಲಾಸ್ಕಿನ ಸಮೇತ ಹಾಜರಿದ್ದರು. 2010ರಲ್ಲಿ ರಂಗಾಯಣಕ್ಕಾಗಿ ಸಿ. ಬಸವಲಿಂಗಯ್ಯ ಕಟ್ಟಿದ, ಹಂಸಲೇಖರ ಸಂಗೀತದ ಆ ನಾಟಕ ಸುಮಾರು ಒಂಬತ್ತು ಗಂಟೆಯದು. ಪ್ರೇಕ್ಷಕರೇ ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಎದ್ದು ಹೋಗಬೇಕು. ಬೆಳಗಿನ ಜಾವ ಎದ್ದು ಮೈಮುರಿಯುತ್ತ ಇವರು ತೆಗೆದ ತಕರಾರು: "ಕಾದಂಬರೀನ ತೀರಾ ಕತ್ತರಿಸಿಬಿಟ್ಟಿದಾರೆ."

ಸೋತದ್ದು ಒಂದು ಕಡೆ ಮಾತ್ರ. ‘ಸದಾರಮೆ’ಯ ಕಳ್ಳನ ಪಾತ್ರ ಗುಬ್ಬಿ ವೀರಣ್ಣನವರದೆಂದು ನಾಡೇ ಒಪ್ಪಿದೆ. ಅವರ ಮೊಮ್ಮಗಳು ಬಿ. ಜಯಶ್ರೀ ಅದೇ ಪಾತ್ರ ಹಾಕಿದಾಗ ಇವರು ತುಟಿ ಬಿಗಿದು ಕೂತರು, ಆಮೇಲೆ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡರು. "ಅದು ರಕ್ತದಲ್ಲಿ ಬಂದದ್ದು. ಲೆಕ್ಕಕ್ಕೆ ಹಿಡೀಬಾರದು."

ತಮಾಷೆಯೆಂದರೆ, 1972ರಲ್ಲಿ ಇವರ ತಂದೆಯವರೂ ಹೀಗೇ ಗೊಣಗಿದ್ದರಂತೆ. ಆನೆ, ಕುದುರೆಗಳನ್ನೇ ರಂಗಕ್ಕೆ ತಂದ ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ ನೋಡಿದ್ದ ಆ ಹಿರಿಯರು, "ಪರದೆ ಇಲ್ಲ, ಸೀನರಿ ಇಲ್ಲ, ಇದೂ ಒಂದು ನಾಟಕವೇನೋ?" ಎಂದು ಮಗನನ್ನು ಬೈದಿದ್ದರು. ಕಾರಂತರೂ ಹುಡುಗನಾಗಿ ಮನೆ ಬಿಟ್ಟು ಓಡಿಹೋಗಿ ಸೇರಿದ್ದು ಅದೇ ಗುಬ್ಬಿ ಕಂಪನಿಯನ್ನು. ಕಂಪನಿಯ ಹಾಡಿನ ಗುಂಗನ್ನು ಅಲ್ಲಿಂದ ಹೊತ್ತು ತಂದು, ಬಯಲಾಟದ ಮಟ್ಟುಗಳ ಜೊತೆ ಬೆರೆಸಿ ತಮ್ಮದು ಮಾಡಿಕೊಂಡವರು ಅವರು. ಇದನ್ನೆಲ್ಲ ಪಕ್ಕದವನಿಗೆ ಹೇಳಿದ್ದೂ ಇವರೇ. ಹೇಳಿ, ತಂದೆಯ ಮಾತು ನೆನೆದು ನಕ್ಕು, ಮರುಕ್ಷಣವೇ ಕೀಬೋರ್ಡಿಗೆ ಶಾಪ ಹಾಕಿದರು.

ಅಂದು ನಾಟಕ ಮುಗಿದ ಮೇಲೆ ಆ ಕೀಬೋರ್ಡಿನ ಹುಡುಗನೇ ಹುಡುಕಿಕೊಂಡು ಬಂದ. "ಸಾರ್, ನೀವು ಹಳೇ ಪ್ರಯೋಗ ನೋಡಿದೀರಂತೆ. ಕೊನೇ ಹಾಡು ಆಗ ಹೇಗಿತ್ತು?" ಎಂದು ಮೊಬೈಲಿನ ರೆಕಾರ್ಡರ್ ಒತ್ತಿ ಹಿಡಿದ. ಇವರು ಚೀಲ ಕೆಳಗಿಟ್ಟು ಹಾಡಿದರು. ದನಿ ಒಡೆದಿತ್ತು, ಶ್ರುತಿ ಗಟ್ಟಿಯಾಗಿತ್ತು. ಎರಡು ಸಾಲು ಹಾಡಿ ಮೂರನೆಯದಕ್ಕೆ ನಿಂತರು. ಮತ್ತೆ ಮೊದಲಿನಿಂದ ಎತ್ತಿಕೊಂಡು ಮತ್ತೆ ಅಲ್ಲಿಗೇ ನಿಂತರು. ಹುಡುಗ ತಾನೇ ಮುಂದಿನ ಸಾಲು ಗುನುಗಿದ. "ಹ್ಞಾ, ಹಾಗೇ ಇತ್ತು," ಎಂದವರು ಸ್ವಲ್ಪ ತಡೆದು, "ಇರಬೇಕು," ಎಂದರು. ಪಕ್ಕದವನು ಅಷ್ಟು ಹೊತ್ತೂ ಮೊಣಕೈ ಉಜ್ಜಿಕೊಳ್ಳುವುದನ್ನು ಮರೆತೇಬಿಟ್ಟಿದ್ದ.

ಚೀಲ ಹೆಗಲಿಗೇರಿಸುತ್ತ ಇವರು ಕೇಳಿದರು: "ನಿಮ್ಮ ತಾಲೀಮು ಎಷ್ಟು ಗಂಟೆಗಪ್ಪಾ?"

ಈಗ ದಿನವೂ ಹೋಗುತ್ತಾರಂತೆ. ಹಾರ್ಮೋನಿಯಂ ಒಂದನ್ನು ಬಾಡಿಗೆಗೆ ತಂದಾಗಿದೆ, ಸ್ವಾಮಿಗಳ ಪ್ರವೇಶ ಎಡಗಡೆಗೆ ಬದಲಾಗಿದೆ, ನಿರ್ದೇಶಕ ಇವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾನೆ.