ಮೂಸಿ ಕುಡಿಯುವವರ ಸಂಗದಲ್ಲಿ

ಬಿಯರ್ ಕುಡಿಯುವವರಲ್ಲಿ ಎರಡು ಪಂಗಡ. ಕುಡಿದು ಮಾತಾಡುವವರದು ಒಂದು. ಮಾತಾಡಿ ಮಾತಾಡಿ ಕೊನೆಗೊಮ್ಮೆ ಕುಡಿಯುವವರದು ಇನ್ನೊಂದು. ಶಿಕಾಗೊದಲ್ಲಿರುವ ನನ್ನ ಅಕ್ಕನ ಮಗ ಎರಡನೆಯ ಪಂಗಡ ಸೇರಿ ವರ್ಷಗಳಾದವು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಊರಿಗೆ ಊರೇ ಅಗ್ಗದ ಟಿವಿಗಾಗಿ ಅಂಗಡಿಗೆ ನುಗ್ಗುವಾಗ, ಇವನು ನಸುಕಿನಲ್ಲೇ ಎದ್ದು ಮದ್ಯದಂಗಡಿಯ ಮುಂದೆ ಸರತಿ ನಿಲ್ಲುತ್ತಾನೆ. ಗೂಸ್ ಐಲ್ಯಾಂಡ್ ಬ್ರೂವರಿಯ ‘ಬರ್ಬನ್ ಕೌಂಟಿ ಸ್ಟೌಟ್’ ಬಿಯರ್ ವರ್ಷಕ್ಕೊಮ್ಮೆ ಬಿಡುಗಡೆಯಾಗುವುದು ಅವತ್ತೇ. ನಮ್ಮ ತೀರ್ಥಹಳ್ಳಿಯಲ್ಲಿ ಹಾಗೆ ನಿಂತಿದ್ದರೆ ಸುದ್ದಿ ಮಧ್ಯಾಹ್ನದೊಳಗೆ ಅಕ್ಕನ ಕಿವಿ ಮುಟ್ಟುತ್ತಿತ್ತು. ಅಲ್ಲಿ ಅವನೇ ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತಾನೆ.

ನಾನು ಅಲ್ಲಿಗೆ ಹೋದ ವರ್ಷ, ಅದೇ ದಿನ ಸಂಜೆ ಅವನ ಮನೆಯ ನೆಲಮಾಳಿಗೆಯಲ್ಲಿ ಸಭೆ. ಮೇಜಿನ ಮೇಲೆ ಸಾಲಾಗಿ ಬಾಟಲಿಗಳು, ಗಂಧದ ಬಟ್ಟಲಿಗಿಂತ ಸ್ವಲ್ಪ ದೊಡ್ಡ ಗಾಜಿನ ಲೋಟಗಳು, ಉಪ್ಪಿಲ್ಲದ ಬಿಸ್ಕತ್ತು, ನೀರು. ಬಾಟಲಿಗಳನ್ನು ಫ್ರಿಜ್ಜಿನಿಂದ ಮೊದಲೇ ತೆಗೆದು ಚಳಿ ಬಿಡಿಸಿದ್ದರು. ನಮ್ಮೂರ ಬಾರಿನಲ್ಲಿ ಇಂಥ ಬಿಯರ್ ತಂದಿಟ್ಟರೆ ಸಪ್ಲೈಯರ್ ಉಳಿಯುವುದಿಲ್ಲ.

“ಮಾವ, ಗಟಗಟ ಎತ್ತಬೇಡಿ. ಶೇಕಡಾ 14ರ ಹತ್ತಿರ ಆಲ್ಕೋಹಾಲ್ ಇದೆ. ಮೊದಲು ಮೂಸಿ, ಆಮೇಲೆ ಒಂದು ಗುಟುಕು. ಬಾಯಲ್ಲೇ ಇಟ್ಟುಕೊಳ್ಳಿ.”

ನಮ್ಮಲ್ಲಿ ‘ಸ್ಟ್ರಾಂಗ್’ ಎಂದು ಎದೆಯುಬ್ಬಿಸಿ ಬರೆದುಕೊಂಡ ಬಿಯರ್ ಕೂಡ 8ರ ಆಚೆ ಹೋಗುವುದು ಅಪರೂಪ. ನಾನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದೆ.

ಈ ಬಿಯರಿನ ಹಿಂದಿನ ವ್ಯವಹಾರ ಕುಡಿಯುವುದಕ್ಕಿಂತ ಸೊಗಸಾಗಿದೆ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಯನ್ನು ಒಳಗೋಡೆ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲೇ ಇಡಬೇಕು. ಅಂದರೆ ಒಂದು ಸಲ ಬಳಸಿದ ಪೀಪಾಯಿ ಬರ್ಬನ್‌ನವರಿಗೆ ಮತ್ತೆ ಬೇಡ. ಸುಮಾರು 200 ಲೀಟರ್ ಹಿಡಿಯುವ, ವಿಸ್ಕಿ ಕುಡಿದು ಕೂತ ಆ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ, ಟಬಾಸ್ಕೊ ಸಾಸಿನ ಮೆಣಸಿನಕಾಯಿ ಕೊಳೆಯುವಲ್ಲಿಗೆ ಹೋಗುತ್ತವೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಗೂ ಬರುತ್ತವೆ. 1990ರ ದಶಕದಲ್ಲಿ ಗೂಸ್ ಐಲ್ಯಾಂಡಿನ ಗ್ರೆಗ್ ಹಾಲ್, ಹುರಿದ ಬಾರ್ಲಿಯ ಕಪ್ಪು ಸ್ಟೌಟನ್ನು ಅಂಥ ಪೀಪಾಯಿಗೆ ತುಂಬಿಸಿ ನೋಡಿದ. ಅದು ಈಗ ಗೋದಾಮಿನಲ್ಲಿ ವರ್ಷದ ಆಸುಪಾಸು ಕೂರುತ್ತದೆ. ಶಿಕಾಗೊದ ಬೇಸಿಗೆಯಲ್ಲಿ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹೊರಬರುತ್ತದೆ. ಬರುವಾಗ ಮರದ ವೆನಿಲಾ ಪರಿಮಳವನ್ನೂ ಉಳಿದ ವಿಸ್ಕಿಯನ್ನೂ ಎತ್ತಿಕೊಂಡು ಬರುತ್ತದೆ. ಕಂಪನಿಯನ್ನು 2011ರಲ್ಲಿ ಬಿಯರ್ ದೈತ್ಯ ಆನ್‌ಹೈಸರ್-ಬುಷ್ ಕೊಂಡುಕೊಂಡಿತು. “ಆದ್ದರಿಂದ ಇದು ಸಣ್ಣ ಬ್ರೂವರಿಯ ಕ್ರಾಫ್ಟ್ ಬಿಯರೇ ಅಲ್ಲ” ಎಂದು ಸಭೆಯ ಗಡ್ಡದವನೊಬ್ಬ ತಕರಾರು ಎತ್ತಿದ. ಎತ್ತಿ, ತನ್ನ ಲೋಟವನ್ನು ಎಲ್ಲರಿಗಿಂತ ಮುಂದಕ್ಕೆ ಚಾಚಿದ.

ಇನ್ನು ಆ ಗುಟುಕು.

ಎಂಜಿನ್ ಆಯಿಲಿನಷ್ಟು ಕಪ್ಪಾದ ದ್ರವ ನಾಲಿಗೆಯ ಮೇಲೆ ಬಂದು ಕೂತಿತು. ಕೂತಿತು ಎಂದರೆ ಕೂತೇಬಿಟ್ಟಿತು. ಗಡ್ಡದವ ಕಣ್ಣು ಮುಚ್ಚಿ, “ಒಣ ಅಂಜೂರ. ಹಳೆಯ ಚರ್ಮದ ಕುರ್ಚಿ” ಎಂದ. ಬೇಕರಿ ನಡೆಸುವ ಹೆಂಗಸು “ಕಪ್ಪು ಚೆರ್ರಿ” ಎಂದಳು. ಅಳಿಯ “ತಂಬಾಕು, ಅದೂ ಸೇದದ ತಂಬಾಕು” ಎಂದ. ಸರದಿ ನನ್ನ ಕಡೆ ತಿರುಗಿತು. ನುಂಗಿದರೆ ಉತ್ತರ ಹೇಳಬೇಕು, ಆದ್ದರಿಂದ ನುಂಗಲಿಲ್ಲ. ಕೆನ್ನೆ ಉಬ್ಬಿಸಿಕೊಂಡು ಗಂಭೀರವಾಗಿ ಸೀಲಿಂಗ್ ನೋಡಿದೆ. ಅವರು ಅದನ್ನು ಆಳವಾದ ಪರಿಶೀಲನೆ ಎಂದು ತಿಳಿದರು. ಬೇಕರಿಯವಳು ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದಳು. ಬಾಯೊಳಗೆ ಬಿಸಿ ಏರುತ್ತಿತ್ತು, ಕಣ್ಣಲ್ಲಿ ನೀರು ತುಂಬುತ್ತಿತ್ತು. “ಚೆನ್ನಾಗಿದೆ” ಅನ್ನಬಹುದೇ? ಆ ಸಭೆಯಲ್ಲಿ ಆ ಮಾತಿಗೆ ಕಿಮ್ಮತ್ತಿಲ್ಲ. ಅಂಜೂರ ಖರ್ಚಾಗಿತ್ತು. ಕುರ್ಚಿಯಲ್ಲಿ ಗಡ್ಡದವ ಕೂತಾಗಿತ್ತು. ಮೇಜನ್ನಾದರೂ ಹೇಳೋಣವೇ ಎಂದುಕೊಂಡೆ. ಫ್ರಿಜ್ಜಿನ ಮೋಟಾರು ಶುರುವಾಗಿ, ಓಡಿ, ನಿಂತಿತು. ಕಣ್ಣ ನೀರು ಕೆನ್ನೆಗೆ ಇಳಿಯಿತು. ಗಡ್ಡದವ ಮೆಲ್ಲಗೆ ಅಳಿಯನನ್ನು ಕೇಳಿದ: “ನಿಮ್ಮ ಮಾವ ಈ ಕಸುಬಿನವರೇ?”

ಕೊನೆಗೆ ಗುಟುಕು ತಾನೇ ದಾರಿ ಹುಡುಕಿಕೊಂಡು ಇಳಿಯಿತು. ಇಳಿದ ಮೇಲೆ ಗಂಟಲ ಹಿಂಬದಿಯಿಂದ ಮೂಗಿಗೆ ಒಂದು ವಾಸನೆ ಬಂತು. ಆಲೆಮನೆಯದು. ಕೊಪ್ಪರಿಗೆಯ ತಳಕ್ಕೆ ಹಿಡಿದು ಇನ್ನೇನು ಸೀಯಲಿರುವ ಜೋನಿಬೆಲ್ಲದ್ದು. ಜೊತೆಗೆ ಒಲೆಯ ಹೊಗೆ. ಅಷ್ಟನ್ನೂ ಉದ್ದಕ್ಕೆ ಹೇಳಿದೆ. ಗಾಣ ಎಳೆಯುವ ಕೋಣಗಳನ್ನೂ ಸೇರಿಸಿದೆ, ಅವು ಬಿಯರಿನಲ್ಲಿ ಇರಲಿಲ್ಲವಾದರೂ. ಗಡ್ಡದವ ಫೋನ್ ತೆಗೆದು ಬರೆದುಕೊಂಡ. ಮುಂದಿನ ಬಾಟಲಿಗೆ ಅವನೇ ಮೊದಲು ಬಾಯಿ ತೆರೆದು, “ಇದರಲ್ಲಿ ಕೋಣ ಸ್ವಲ್ಪ ಕಡಿಮೆ” ಎಂದ.

ಎರಡನೆಯದರಲ್ಲಿ ಕಾಫಿ ಇತ್ತು, ಒಳ್ಳೆಯದಿತ್ತು. ಮೂರನೆಯದು ವೆನಿಲಾ. ನಾಲ್ಕನೆಯದಕ್ಕೆ ತೆಂಗಿನಕಾಯಿ ಹಾಕಿದ್ದರು. ಓಕ್ ಮರಕ್ಕೇ ಕಾಯಿಯ ವಾಸನೆ ಕೊಡುವ ಗುಣವಿದೆ, ಮೇಲೆ ಮತ್ತೆ ಕಾಯಿ ಯಾಕೋ.

ಅಷ್ಟರಲ್ಲಿ ಗಡ್ಡದವ ನನ್ನ ಹತ್ತಿರ ಕುರ್ಚಿ ಎಳೆದುಕೊಂಡು ಬಂದು, ನಿಮ್ಮ ಹಳ್ಳಿಯ ಜನ ಏನು ಕುಡಿಯುತ್ತಿದ್ದರು, ಅದರ ಸ್ವಾದ ಹೇಗೆ ಎಂದು ಆಸೆಯಿಂದ ಕೇಳಿದ. ನನಗೆ ಸಿಟ್ಟು ಬಂತು. ಅವನ ತಪ್ಪೇನಿರಲಿಲ್ಲ. ನಮ್ಮ ಆಲೆಮನೆಯಲ್ಲಿ ಕೊಪ್ಪರಿಗೆ ನೋಡಿಕೊಳ್ಳುತ್ತಿದ್ದವನೊಬ್ಬನಿದ್ದ. ಬೆಲ್ಲದ ಹದವನ್ನು ವಾಸನೆಯಲ್ಲೇ ಹೇಳುತ್ತಿದ್ದ. ಅವನ ಮೂಗಿನ ಮುಂದೆ ಈ ಸಭೆಯ ಅಷ್ಟೂ ಮೂಗುಗಳು ಸೇರಿದರೂ ಸಾಲವು. ಸಂಜೆಯಾದರೆ ಸಾರಾಯಿ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಲ್ಲಿ ಕಚ್ಚಿ ಒಂದೇ ಸಲಕ್ಕೆ ಹೀರುತ್ತಿದ್ದ, ಉಸಿರು ಬಿಗಿಹಿಡಿದು. ಆ ಪದಾರ್ಥವನ್ನು ಯಾರೂ ಮೂಸುವುದಿಲ್ಲ. ಕೂಲಿ ದುಡ್ಡು ಮನೆ ಮುಟ್ಟುವ ಮೊದಲೇ ಕರಗುತ್ತಿತ್ತು. ಅವನ ಹೆಂಡತಿ ನಮ್ಮ ಅಮ್ಮನ ಹತ್ತಿರ ಬಂದು ಅಕ್ಕಿ ಕೇಳುತ್ತಿದ್ದಳು. 2007ರ ಜುಲೈನಲ್ಲಿ ಸರ್ಕಾರ ಸಾರಾಯಿ ನಿಲ್ಲಿಸುವ ಹೊತ್ತಿಗೆ ಅವನು ಇರಲಿಲ್ಲ. ಇದನ್ನೆಲ್ಲ ಆ ನೆಲಮಾಳಿಗೆಯಲ್ಲಿ ಹೇಳುವುದು ಹೇಗೆ? “ಸ್ವಾದ ನೋಡುವಷ್ಟು ಹೊತ್ತು ಅದು ಬಾಯಲ್ಲಿ ನಿಲ್ಲುತ್ತಿರಲಿಲ್ಲ” ಎಂದೆ. ಗಡ್ಡದವ ಅದನ್ನೂ ಬರೆದುಕೊಂಡ.

ಶಿಕಾಗೊದಲ್ಲಿ ಅಳಿಯನೋ ಮಗಳೋ ಇದ್ದು, ನವೆಂಬರಿನಲ್ಲಿ ಅಲ್ಲಿಗೆ ಹೋಗುವವರಿಗೆ ನನ್ನ ಸಲಹೆ ಇಷ್ಟೆ: ಊಟ ಮಾಡಿಕೊಂಡೇ ಕೂರಿ, ಒಂದು ಬಾಟಲಿಗೆ ನಾಲ್ಕು ಜನರಾದರೂ ಇರಲಿ, ಕಾರಿನ ಕೀಲಿ ಬೇರೆಯವರ ಕೈಗೆ ಕೊಡಿ. ಏನೂ ಬೆರೆಸದ ಮೊದಲನೆಯದೇ ಎಲ್ಲಕ್ಕಿಂತ ಚೆನ್ನ. ತೆಂಗಿನಕಾಯಿಯದನ್ನು ಗಡ್ಡ ಬಿಟ್ಟವರಿಗೆ ಬಿಟ್ಟುಬಿಡಿ.